ಪಟದ ಮೇಷ್ಟ್ರು

ಮ್ಯಾಗಜಿನ್‌ಗೆ ಏನಾದರೂ ಬರೆದುಕೊಡಿ ಅಂತ ಸ್ಕೂಲಿನಿಂದ ಫೋನ್ ಬಂದಾಗ ನಾನು ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಹರಾಜಿನ ಮಧ್ಯೆ ನಿಂತಿದ್ದೆ. ಒಂದು ಕಿವಿಯಲ್ಲಿ ಫೋನು, ಇನ್ನೊಂದರಲ್ಲಿ ಹರಾಜಿನ ಕೂಗು. ಸರಿಯಾಗಿ ಕೇಳಿಸಿಕೊಳ್ಳದೆ ಹ್ಞೂಂ ಅಂದುಬಿಟ್ಟೆ. ಆಮೇಲೆ ಯೋಚನೆಗೆ ಬಂತು, ನಾನೇನು ಬರೆಯೋದು? 1998ರ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನನಗೆ ಬಂದಿದ್ದು 61. ನಮ್ಮ ಬ್ಯಾಚಿನಲ್ಲಿ ಡಾಕ್ಟರ್ ಆದವರಿದ್ದಾರೆ, ಅಮೆರಿಕಕ್ಕೆ ಹೋದವರಿದ್ದಾರೆ, ಬರೆಯೋದಾದರೆ ಅವರು ಬರೆಯಬೇಕು. ನಾನು ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಎಣಿಸಿ ಲೆಕ್ಕ ಬರೆಯೋನು. ಆದರೆ ಬಾಕ್ಸ್ ಎಣಿಸುವಾಗೆಲ್ಲ ನೆನಪಾಗುವ ಒಬ್ಬರಿದ್ದಾರೆ. ಅವರ ಬಗ್ಗೆಯೇ ಬರೆಯುತ್ತೇನೆ. ಹೆಸರು ಮಾತ್ರ ಹಾಕಬೇಡ ಅಂತ ಅವರೇ ಹೇಳಿದ್ದಾರೆ, ಹಾಕಲ್ಲ. ನಾವು ಹಿಂದಿನಿಂದ ಕರೆಯುತ್ತಿದ್ದ ಹೆಸರು ಹಾಕಬಹುದು ಅಲ್ವಾ? ಪಟದ ಮೇಷ್ಟ್ರು.

ಅವರು ಗಣಿತದ ಮೇಷ್ಟ್ರು. ಒಂಬತ್ತು ಮತ್ತು ಹತ್ತು, ಎರಡು ವರ್ಷ ನಮಗೆ ಪಾಠ ಮಾಡಿದರು. ಹೆಗಲಲ್ಲಿ ಒಂದು ಬಟ್ಟೆ ಚೀಲ ಇರುತ್ತಿತ್ತು. ಅದರೊಳಗೆ ರಟ್ಟಿಗೆ ಅಂಟಿಸಿದ ಪಟಗಳು. ಹಳೇ ಕ್ಯಾಲೆಂಡರಿನದ್ದು, ಪೇಪರಿನಿಂದ ಕತ್ತರಿಸಿದ್ದು, ಬೀಜದ ಕಂಪನಿಯವರು ಹಂಚಿದ ಜಾಹೀರಾತಿನದ್ದು, ಯಾರದೋ ಮದುವೆ ಆಲ್ಬಮ್ಮಿನಲ್ಲಿ ಮಿಕ್ಕಿದ್ದು. ಕ್ಲಾಸಿಗೆ ಬಂದವರೇ ಒಂದು ಪಟ ತೆಗೆದು ಬೋರ್ಡಿನ ಮೇಲಿನ ಮೊಳೆಗೆ ನೇತು ಹಾಕಿ, ಕಿಟಕಿ ಕಟ್ಟೆ ಮೇಲೆ ಹೋಗಿ ಕೂರುತ್ತಿದ್ದರು. "ಏನ್ ಕಾಣುತ್ರಪ್ಪಾ?" ಅಂತ ಒಂದು ಮಾತು. ನಾವು ಕಂಡಿದ್ದೆಲ್ಲ ಹೇಳಿ ಮುಗಿಸಿದ ಮೇಲೆ ಇನ್ನೊಂದು: "ಇದನ್ನ ನೋಡಿದರೆ ಏನು ಕೇಳಬೇಕು ಅನ್ಸುತ್ತೆ?"

ಅಲ್ಲಿಗೆ ಕ್ಲಾಸು ತಣ್ಣಗಾಗುತ್ತಿತ್ತು. ಎಂಟು ವರ್ಷ ಮೇಷ್ಟ್ರುಗಳು ಕೇಳಿದ್ದರು, ನಾವು ಹೇಳಿದ್ದೆವು, ಹೇಳದಿದ್ದರೆ ಏಟು ತಿಂದಿದ್ದೆವು. ಪ್ರಶ್ನೆ ನಾವು ಕೇಳಬೇಕು ಅಂದರೆ ಅದೇನು ತಮಾಷೆಯೋ, ಅಥವಾ ಸಿಕ್ಕಿಸಿ ಹಾಕೋ ಉಪಾಯವೋ ಗೊತ್ತಾಗಲಿಲ್ಲ. ಅವರು ಮಾತ್ರ ಸುಮ್ನೆ ಕೂತಿರೋರು. ಐದು ನಿಮಿಷ, ಹತ್ತು ನಿಮಿಷ. ಹೊರಗೆ ಹುಣಸೆ ಮರದಲ್ಲಿ ಅಳಿಲು ನೋಡಿಕೊಂಡು.

ಮೊದಲ ಪಟ ತಳ್ಳುಗಾಡಿಯದ್ದು. ಗಾಡಿ ಮೇಲೆ ಮೂಸಂಬಿ ಜೋಡಿಸಿ ಗೋಪುರ ಕಟ್ಟಿದ್ದರು. ಕೊನೇ ಬೆಂಚಿನ ಹುಡುಗನೊಬ್ಬ ತಡೆಯೋಕಾಗದೆ, "ದೀಂಟ್ಲೋ ಎನ್ನಿ ಉಂಡಾಯಿ ಸಾರ್?" ಅಂದುಬಿಟ್ಟ. ಇಡೀ ಕ್ಲಾಸು ನಕ್ಕಿತು. ನಮ್ಮ ಕಡೆ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಸ್ಕೂಲಲ್ಲಿ ತೆಲುಗು ಆಡಿದರೆ ನಗೋದು ವಾಡಿಕೆ. ಮೇಷ್ಟ್ರು ನಗಲಿಲ್ಲ. ಎದ್ದು ಬಂದು ಅದೇ ತೆಲುಗು ಮಾತನ್ನು ಕನ್ನಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದರು. ಅದರ ಕೆಳಗೆ ಗೆರೆ ಎಳೆದು, "ಹ್ಞಾ, ಎಷ್ಟಿದೆ?" ಅಂದರು.

ಎದುರಿಗೆ ಕಾಣೋದು ಒಂದು ಮುಖ ಮಾತ್ರ. ಹಿಂದೆ ಇರೋದನ್ನ ಊಹಿಸಬೇಕು. ಕೆಳಗಿನ ಸಾಲಲ್ಲಿ ನಾಲ್ಕು ಹಣ್ಣು, ಹಾಗಾದರೆ ತಳದಲ್ಲಿ ನಾಲ್ಕು ನಾಲ್ಕಲಿ 16. ಅದರ ಮೇಲೆ 9, ಅದರ ಮೇಲೆ 4, ತುದಿಗೆ 1. ಒಟ್ಟು 30. ತಳದ ಸಾಲಲ್ಲಿ ಹತ್ತು ಇದ್ದಿದ್ದರೆ ಅಂತ ಇನ್ನೊಬ್ಬ ಕೇಳಿದ. ಅದನ್ನ ಕೂಡೋದರಲ್ಲೇ ಬೆಲ್ ಹೊಡೆಯಿತು. 385. ಇಷ್ಟೆಲ್ಲ ಕೂಡಿ ಸುಸ್ತಾದ ಮೇಲೆ ಮಾರನೇ ದಿನ ಸೂತ್ರ ಬಂತು, ಹತ್ತನ್ನ ಹನ್ನೊಂದರಿಂದ, ಅದನ್ನ ಇಪ್ಪತ್ತೊಂದರಿಂದ ಗುಣಿಸಿ ಆರರಿಂದ ಭಾಗಿಸಿ ಅಂತ. ಬಾಯಿಪಾಠ ಮಾಡಿ ಅಂತ ಯಾರೂ ಹೇಳಲಿಲ್ಲ. ಅಷ್ಟೊಂದು ಕೂಡೋ ಕಷ್ಟ ತಪ್ಪಿತಲ್ಲ ಅನ್ನೋ ಖುಷಿಗೇ ಅದು ತಲೆಯಲ್ಲಿ ಕೂತಿತು. ಈ ರಾಶಿಯ ಲೆಕ್ಕ ಸುಮಾರು 1500 ವರ್ಷದ ಹಿಂದೆಯೇ ಆರ್ಯಭಟ ಹೇಳಿದ್ದಾನೆ, ಅವನು ಇದನ್ನ ಚಿತಿ ಅಂತ ಕರೆದ, ಅಂದರೆ ಜೋಡಿಸಿಟ್ಟ ರಾಶಿ ಅಂದರು. ನಮಗೆ ಗೊತ್ತಿದ್ದಿದ್ದು ಚಿತೆ ಒಂದೇ, ಮತ್ತೆ ನಕ್ಕೆವು. ಅದೂ ಜೋಡಿಸಿಟ್ಟ ಕಟ್ಟಿಗೆ ತಾನೇ ಅಂದರು ಮೇಷ್ಟ್ರು.

ಮೂಸಂಬಿ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಕ್ಲಾಸಿನ ಒಬ್ಬನ ಅಪ್ಪ ಸಂತೆಯಲ್ಲಿ ನಿಂಬೆಹಣ್ಣು ಗುಡ್ಡೆ ಹಾಕಿ ಮಾರುತ್ತಿದ್ದರು. ಅವನು ಕೇಳಿದ: "ಸಾರ್, ಎಲ್ಲರೂ ಹಿಂಗೇ ಯಾಕೆ ಜೋಡಿಸ್ತಾರೆ, ಕೆಳಗಿನ ನಾಲ್ಕರ ಸಂದಿಯಲ್ಲಿ ಮೇಲಿನದನ್ನ ಕೂರಿಸಿ? ಇದಕ್ಕಿಂತ ಒತ್ತಾಗಿ ಜೋಡಿಸೋಕೆ ಬೇರೆ ದಾರಿ ಇಲ್ವಾ?" ಮೇಷ್ಟ್ರು ಸ್ವಲ್ಪ ಹೊತ್ತು ಪಟಾನೇ ನೋಡಿದರು. "ನಂಗೆ ಗೊತ್ತಿಲ್ಲ ಕಣೋ" ಅಂದರು. ಮೇಷ್ಟ್ರೊಬ್ಬರ ಬಾಯಲ್ಲಿ ಆ ಮಾತು ನಾವು ಕೇಳಿದ್ದು ಅದೇ ಮೊದಲು.

ಎರಡು ವಾರದ ನಂತರ ಬೆಂಗಳೂರಿಗೆ ಹೋಗಿದ್ದವರು ಕಬ್ಬನ್ ಪಾರ್ಕಿನ ಲೈಬ್ರರಿಗೂ ಹೋಗಿ, ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಫಿರಂಗಿ ಗುಂಡುಗಳನ್ನ ಹಡಗಿನಲ್ಲಿ ಹೇಗೆ ಪೇರಿಸಬೇಕು ಅನ್ನೋದರಿಂದ ಶುರುವಾದ ಪ್ರಶ್ನೆಯಂತೆ ಇದು. ಗ್ರಹಗಳ ಲೆಕ್ಕ ಮಾಡಿದ ಕೆಪ್ಲರ್ 1611ರಲ್ಲಿ, ಹಣ್ಣಿನವರು ಜೋಡಿಸೋ ಹಾಗೆ ಜೋಡಿಸೋದೇ ಎಲ್ಲಕ್ಕಿಂತ ಒತ್ತು ಅಂತ ಹೇಳಿದ. ಹಾಗೆ ಜೋಡಿಸಿದರೆ ಜಾಗದಲ್ಲಿ ನೂರಕ್ಕೆ 74 ಭಾಗ ಹಣ್ಣು, ಮಿಕ್ಕಿದ್ದು ಗಾಳಿ. ಒಂದರ ತಲೆ ಮೇಲೆ ಒಂದು ನೆಟ್ಟಗೆ ಇಟ್ಟರೆ 52 ಮಾತ್ರ. ಆದರೆ ಇದಕ್ಕಿಂತ ಒಳ್ಳೇ ದಾರಿ ಇಲ್ಲವೇ ಇಲ್ಲ ಅಂತ ಇವತ್ತಿನವರೆಗೂ ಯಾರೂ ಪಕ್ಕಾ ಸಾಧಿಸಿ ತೋರಿಸಿಲ್ಲ, ಸುಮಾರು 400 ವರ್ಷ ಆಗ್ತಾ ಬಂತು, ಅಂದರು. ನಿಂಬೆಹಣ್ಣಿನವರ ಮಗ ಬೆನ್ನು ನೆಟ್ಟಗೆ ಮಾಡಿ ಕೂತ. ತನ್ನ ಪ್ರಶ್ನೆಗೆ ಲೋಕದಲ್ಲೇ ಯಾರ ಹತ್ತಿರವೂ ಉತ್ತರ ಇಲ್ಲ ಅಂದರೆ ಕಡಿಮೆ ಮಾತಾ?

ಬೋರ್‌ವೆಲ್ ಲಾರಿಯ ಪಟ ಬಂದಿದ್ದು ಹತ್ತನೇ ಕ್ಲಾಸಿನಲ್ಲಿ. ಪೇಪರಿನದ್ದು, ಕಪ್ಪು ಬಿಳುಪು. ಯಾರೂ ಏನೂ ಕೇಳಲಿಲ್ಲ. ವರ್ಷಪೂರ್ತಿ ಹರಿಯೋ ನದಿ ಇಲ್ಲದ ಜಿಲ್ಲೆ ನಮ್ಮದು. ಆ ಲಾರಿ ಊರಿಗೆ ಬಂತು ಅಂದರೆ ಯಾರದೋ ಮನೆಯ ಒಡವೆ ಹೋಯಿತು ಅಂತಲೇ ಅರ್ಥ. ಆ ಬೇಸಿಗೆಯಲ್ಲಿ ನಮ್ಮ ಹೊಲಕ್ಕೂ ಬಂದಿತ್ತು. ರಾತ್ರಿ ಇಡೀ ಕೊರೆದರು. ನಮ್ಮಪ್ಪನಿಗೆ ಓದು ಬರಹ ಬರದು. ಒಂದೊಂದು ರಾಡ್ ಇಳಿದಾಗಲೂ ಒಂದೊಂದು ಹುಣಸೆಬೀಜ ಟವೆಲ್ಲಿನ ಗಂಟಿಗೆ ಹಾಕಿಕೊಳ್ಳುತ್ತಿದ್ದರು. ನಾನು ಬ್ಯಾಟರಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಬೆಳಗಿನ ಜಾವದ ತನಕ ಮೇಲೆ ಬಂದಿದ್ದು ಬರೀ ಬಿಳಿ ಪುಡಿ. ನಮ್ಮ ಮುಖ, ಜೋಳದ ಗರಿ, ಎತ್ತಿನ ಬೆನ್ನು, ಎಲ್ಲಾ ಬೂದಿ ಬಳಿದ ಹಾಗೆ. ಕೊನೆಗೆ ನಿಲ್ಲಿಸಿ ಅಂದರು ಅಪ್ಪ. ಲಾರಿಯವನು ಚೀಟಿಯಲ್ಲಿ 580 ಅಡಿ ಅಂತ ಬರೆದ. ಅಪ್ಪನ ಗಂಟಲ್ಲಿ ಇದ್ದಿದ್ದು 27 ಬೀಜ.

ನಾನು ಎದ್ದು ನಿಂತು ಕೇಳಿದೆ: "ಸಾರ್, ಬೀಜ 27 ಇದ್ದರೆ ಅಡಿ 580 ಹೆಂಗಾಗುತ್ತೆ?"

ಯಾವ ಬೀಜ ಅಂತ ಮೇಷ್ಟ್ರು ಕೇಳಲಿಲ್ಲ, ಅವರೂ ನಮ್ಮ ಕಡೆಯವರೇ. ರಾಡ್ ಎಷ್ಟುದ್ದ ಅಂದರು. ಅರ್ಧ ಕ್ಲಾಸು ಒಟ್ಟಿಗೆ ಇಪ್ಪತ್ತಡಿ ಅಂತ ಕೂಗಿತು. 27ನ್ನ 20ರಿಂದ ಗುಣಿಸಿದರೆ 540. ಎರಡು ರಾಡ್ ಎಲ್ಲಿಂದಲೋ ಬಂದಿದೆ. ಇನ್ನು ರೇಟು. ಬೋರ್ ಕೊರೆಸಿದವರಿಗೆ ಗೊತ್ತಿರುತ್ತೆ, ಆಳ ಹೋದ ಹಾಗೆ ಅಡಿಗೆ ಇಷ್ಟು ಅಂತ ರೇಟು ಏರುತ್ತಾ ಹೋಗುತ್ತೆ. ಲೆಕ್ಕ ಸುಲಭ ಆಗಲಿ ಅಂತ ಮೇಷ್ಟ್ರು ಮೊದಲ 300 ಅಡಿಗೆ ಅಡಿಗೆ 40 ರೂಪಾಯಿ, ಆಮೇಲೆ ನೂರು ನೂರಕ್ಕೂ ಐದೈದು ರೂಪಾಯಿ ಜಾಸ್ತಿ ಅಂತ ಇಟ್ಟರು. 40, 45, 50, 55. ಪುಸ್ತಕದಲ್ಲಿ ಸಮಾಂತರ ಶ್ರೇಢಿ ಅಂತ ಇದ್ದ ಪಾಠ ಹಾಗೆ ಶುರುವಾಯಿತು. 540 ಅಡಿಗೆ 23,700. 580ಕ್ಕೆ 25,900. ಎರಡು ಸುಳ್ಳು ರಾಡಿನ ಬೆಲೆ 2,200 ರೂಪಾಯಿ. ಅದೇ ಲೆಕ್ಕದಲ್ಲಿ 1000 ಅಡಿಗೆ ಎಷ್ಟಾಗುತ್ತೆ ಅಂತ ಮುಂದಿನ ಬೆಂಚಿನ ಹುಡುಗಿ ಕೇಳಿದಳು. 54,000 ಬಂತು. ಸಾವಿರ ಅಡಿ ಯಾರು ಕೊರೀತಾರೆ ಸಾರ್ ಅಂತ ಎಲ್ಲರೂ ನಕ್ಕೆವು. ಈಗ ನಮ್ಮ ಕಡೆ 1200, 1500 ಅಂದರೂ ಯಾರೂ ನಗಲ್ಲ.

ಸಂಜೆ ಮನೆಗೆ ಓಡಿ ಹೋಗಿ ಅಪ್ಪನಿಗೆ ಹೇಳಿದೆ, ಅವನು ಎರಡು ರಾಡ್ ಜಾಸ್ತಿ ಬರೆದಿದ್ದಾನೆ ಅಂತ. ಅಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದರು, ತಿರುಗಿ ಕೂಡ ನೋಡಲಿಲ್ಲ. "ಗೊತ್ತು ಕಣೋ. ಲೆಕ್ಕ ಗೊತ್ತಿತ್ತು, ಆ ಹೊತ್ತಲ್ಲಿ ಜಗಳಕ್ಕೆ ಉಸಿರಿರಲಿಲ್ಲ" ಅಂದರು. ಇದನ್ನ ಮೇಷ್ಟ್ರಿಗೆ ಹೇಳಿದಾಗ ಅವರೂ ಏನೂ ಹೇಳಲಿಲ್ಲ. ಆದರೆ ಆ ಪಟ ಮತ್ತೆ ಮೊಳೆಗೆ ಬರಲಿಲ್ಲ.

ಎಲ್ಲಾ ಪಟಾನೂ ಹೀಗೆ ಕೆಲಸ ಮಾಡುತ್ತಿತ್ತು ಅಂದುಕೊಳ್ಳಬೇಡಿ. ಗೋಲಗುಮ್ಮಟದ್ದು ಭಾರೀ ಚೆಂದದ ಕಲರ್ ಪಟ ತಂದಿದ್ದರು. ಏನು ಕೇಳಬೇಕು ಅನ್ಸುತ್ತೆ ಅಂದಿದ್ದಕ್ಕೆ ಬಂದಿದ್ದು ಒಂದೇ ಪ್ರಶ್ನೆ: "ಟೂರ್ ಯಾವಾಗ ಸಾರ್?" ಪಟ ಚೀಲಕ್ಕೆ ವಾಪಸ್ ಹೋಯಿತು. ಅದಕ್ಕಿಂತ ನಮ್ಮ ಹುಡುಗಿಯರು ಬಾಗಿಲಲ್ಲಿ ಹಾಕೋ ರಂಗೋಲಿಯೇ ವಾಸಿ. ಧನುರ್ಮಾಸದಲ್ಲಿ ಒಬ್ಬಳ ನೋಟ್‌ಬುಕ್ಕಿನ ಹಿಂದಿನ ಪುಟಾನೇ ಪಟ ಆಯಿತು. ಸಂದು ಚುಕ್ಕಿ, 7ರಿಂದ 4, ಅಂದರೆ ನಡುವಿನ ಸಾಲಲ್ಲಿ 7, ಅದರ ಎರಡೂ ಕಡೆ ಒಂದೊಂದು ಕಡಿಮೆಯಾಗುತ್ತಾ 4ರ ತನಕ. ಎಣಿಸಿದರೆ 37. ಅದರ ಒಳಗಿನದು, 5ರಿಂದ 3, 19. ಅದಕ್ಕೂ ಒಳಗೆ 7, ನಡುವೆ 1. ಇವನ್ನ ನಡುವಿನಿಂದ ಹೊರಕ್ಕೆ ಒಂದೊಂದಾಗಿ ಕೂಡುತ್ತಾ ಬನ್ನಿ: 1, 8, 27, 64. ಘನಗಳು! ವರ್ಷಗಟ್ಟಲೆ ಅದನ್ನ ತುಳಿದುಕೊಂಡು ಸ್ಕೂಲಿಗೆ ಬಂದಿದ್ದೆವು ನಾವು ಗಂಡು ಹುಡುಗರು. ಇದು ಯಾಕೆ ಹಾಗೆ ಬರುತ್ತೆ ಅಂತ ಇಲ್ಲಿ ಬರೆಯಲ್ಲ. ಈ ಮ್ಯಾಗಜಿನ್ ಓದೋ ಮಕ್ಕಳು ಒಂದು ಕಾಗದ ತಗೊಳ್ಳಲಿ.

ದೂರೂ ಇತ್ತು. ಪೋರ್ಷನ್ ಮುಗಿಯುತ್ತಿರಲಿಲ್ಲ. ಪಕ್ಕದ ಸೆಕ್ಷನ್ನಿನವರು ತ್ರಿಕೋನಮಿತಿ ಮುಗಿಸಿದಾಗ ನಾವಿನ್ನೂ ಧ್ವಜಸ್ತಂಭದ ನೆರಳು ಅಳೆಯುತ್ತಿದ್ದೆವು. ಮಕ್ಕಳಿಗೆ ಪಟ ತೋರಿಸಿಕೊಂಡು ಕೂತಿದ್ದಾರೆ ಅಂತ ಕೆಲವು ಪೋಷಕರು ಬಂದು ಗಲಾಟೆ ಮಾಡಿದರು. ಜನವರಿಯಿಂದ ಬೆಳಿಗ್ಗೆ ಏಳಕ್ಕೇ ಸ್ಪೆಷಲ್ ಕ್ಲಾಸ್ ಇಟ್ಟು ಎಲ್ಲಾ ಮುಗಿಸಿದರು. ನಿಜ ಹೇಳಬೇಕು ಅಂದರೆ ಆ ಸ್ಪೆಷಲ್ ಕ್ಲಾಸುಗಳಲ್ಲಿ ಅವರೂ ಉಳಿದ ಮೇಷ್ಟ್ರುಗಳ ಹಾಗೇ ಇದ್ದರು, ಸೂತ್ರ, ಲೆಕ್ಕ, ಬೈಗುಳ. ನನ್ನ 61ರಲ್ಲಿ ಅರ್ಧ ಅಲ್ಲಿಂದಲೇ ಬಂದಿದ್ದು. ಪಟ ಒಂದರಿಂದಲೇ ಪಾಸಾದೆ ಅಂತ ಬರೆದರೆ ಸುಳ್ಳಾಗುತ್ತೆ.

ನಿಂಬೆಹಣ್ಣಿನ ಪ್ರಶ್ನೆಗೆ ಉತ್ತರ ಸಿಕ್ಕಿದೆ ಅನ್ನೋದು ನನಗೆ ತಿಳಿದಿದ್ದು ತೀರಾ ತಡವಾಗಿ. 2023ರ ಜುಲೈನಲ್ಲಿ, ಟೊಮೆಟೊ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿದ್ದ ಆ ದಿನಗಳಲ್ಲಿ, ಯಾರ್ಡಿನಲ್ಲಿ ಬಾಕ್ಸ್ ತುಂಬ್ತಾ ಕುಲುಕ್ತಾ ಇದ್ದವರನ್ನ ನೋಡಿ ಇದರಲ್ಲಿ ಗಾಳಿ ಎಷ್ಟು ಅನ್ನೋ ಯೋಚನೆ ಬಂತು, ಮಗಳ ಕೈಯಲ್ಲಿ ಹುಡುಕಿಸಿದೆ. ಗುಂಡಗಿರೋದನ್ನ ಸುಮ್ನೆ ಸುರಿದು ಚೆನ್ನಾಗಿ ಕುಲುಕಿದರೆ ಸುಮಾರು 64 ಭಾಗ ತುಂಬುತ್ತೆ, ಮೂರನೇ ಒಂದಕ್ಕಿಂತ ಜಾಸ್ತಿ ಗಾಳಿಯೇ. ಅಲ್ಲೇ ಕೆಪ್ಲರ್ ವಿಷಯಾನೂ ಸಿಕ್ಕಿತು. ಥಾಮಸ್ ಹೇಲ್ಸ್ ಅನ್ನೋ ಅಮೆರಿಕದ ಗಣಿತಜ್ಞ ಕಂಪ್ಯೂಟರ್ ಹಾಕಿ ಅದನ್ನ ಸಾಧಿಸಿ 1998ರ ಆಗಸ್ಟಿನಲ್ಲಿ ಹೇಳಿದನಂತೆ. ಅಂದರೆ ನಾವು ಎಸ್ಸೆಸ್ಸೆಲ್ಸಿ ಬರೆದು ನಾಲ್ಕೇ ತಿಂಗಳಿಗೆ! ಪರೀಕ್ಷಿಸಿದವರು ನೂರಕ್ಕೆ 99 ಸರಿ ಅನ್ಸುತ್ತೆ, ಪೂರ್ತಿ ನೋಡೋಕೆ ನಮ್ಮ ಕೈಲಾಗಲ್ಲ ಅಂದರಂತೆ. ಆ ಒಂದು ಪರ್ಸೆಂಟ್ ಅನುಮಾನ ಕಳೆಯೋಕೆ ಅವನು ಮತ್ತೆ ಜೊತೆಯವರನ್ನ ಕಟ್ಟಿಕೊಂಡು, ಒಂದೊಂದು ಹೆಜ್ಜೆಯನ್ನೂ ಕಂಪ್ಯೂಟರಿನಿಂದ ತಾಳೆ ನೋಡಿಸಿ ಮುಗಿಸಿದ್ದು 2014ರಲ್ಲಿ.

ಮೇಷ್ಟ್ರ ನಂಬರ್ ಹುಡುಕಿ ಫೋನ್ ಮಾಡಿದೆ. ರಿಟೈರ್ ಆಗಿ ಮಗನ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ. ಎಲ್ಲಾ ಎರಡೆರಡು ಸಲ ಹೇಳಬೇಕಾಯಿತು. ಕೇಳಿಸಿಕೊಂಡು ಸುಮ್ಮನಾದರು, ಆಗ ಕಿಟಕಿ ಕಟ್ಟೆ ಮೇಲೆ ಕೂತಿರುತ್ತಿದ್ದರಲ್ಲ, ಹಾಗೆ.

"ಅದು ಗುಂಡಗಿರೋದಕ್ಕೆ ಅಲ್ವೇನೋ?" ಅಂದರು ಆಮೇಲೆ. "ಈಗಿನ ಟೊಮೆಟೊ ಮೊಟ್ಟೆ ಥರ ಉದ್ದ ಇರುತ್ತಲ್ಲ, ಅದು ಜಾಸ್ತಿ ಹಿಡಿಯುತ್ತೋ ಕಡಿಮೆನೋ?"

"ಗೊತ್ತಿಲ್ಲ ಸಾರ್."

"ಬಾಕ್ಸು ನಿನ್ನ ಹತ್ರಾನೇ ಇದೆಯಲ್ಲೋ."

ಸ್ವಲ್ಪ ಚಪ್ಪಟೆ ಇರೋದು ಸುಮ್ನೆ ಸುರಿದರೂ ಗುಂಡಿನದಕ್ಕಿಂತ ಒತ್ತಾಗಿ ಕೂರುತ್ತೆ ಅಂತ 2004ರಲ್ಲಿ ಅಮೆರಿಕದ ವಿಜ್ಞಾನಿಗಳು ಚಪ್ಪಟೆ ಚಾಕಲೇಟ್ ಮಿಠಾಯಿ ಸುರಿದು ಅಳೆದು, ಮೊಟ್ಟೆ ಥರ ಉದ್ದ ಇರೋದೂ ಹಾಗೇ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ, ಅದನ್ನೂ ಮಗಳೇ ಹುಡುಕಿಕೊಟ್ಟಳು. ಮೇಷ್ಟ್ರಿಗೆ ಹೇಳಿಲ್ಲ. ಹೇಳಿದರೆ ನಿನ್ನ ಬಾಕ್ಸು ಎಷ್ಟು ತೂಗಿತು ಅಂತಲೇ ಕೇಳುತ್ತಾರೆ. ಹರಾಜು ಮುಗಿದ ಮೇಲೆ ಒಂದೇ ಅಳತೆಯ ಎರಡು ಕ್ರೇಟ್ ತಗೊಂಡು, ಒಂದಕ್ಕೆ ಗುಂಡಿನದು, ಒಂದಕ್ಕೆ ಉದ್ದನೆಯದು ಅಂಚಿನ ತನಕ ಸುರಿದು ತಕ್ಕಡಿಗೆ ಇಟ್ಟೆ. ಉದ್ದನೆಯದು 600 ಗ್ರಾಂ ಜಾಸ್ತಿ ಬಂತು. ಖಾಲಿ ಮಾಡಿ ಮತ್ತೆ ಸುರಿದೆ, ಈ ಸಲ 200 ಗ್ರಾಂ ಮಾತ್ರ. ಮೂರನೇ ಸಲ ಸುರಿಯುವಾಗ ನಮ್ಮ ಹಮಾಲಿ ಹತ್ತಿರ ಬಂದು ನಿಂತ. "ಏನ್ ಸಾರ್, ಯಾರಾದ್ರೂ ತೂಕದ್ದು ಕಂಪ್ಲೇಂಟ್ ಕೊಟ್ರಾ?" ಅಂದ.

ಇಲ್ಲಪ್ಪ, ಆ ಕಡೆ ಹಿಡಿ ಅಂದೆ.