ತಲೆಯನ್ನು ಸುಮ್ಮನೆ ಹಿಡಿದುಕೊಂಡರೆ ನೋವು ಹೋಗುತ್ತದೆಯೇ?

ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಮೊಣಕಾಲು, ಬೆನ್ನಿನ ಚಿಕಿತ್ಸೆಯ ಬಗ್ಗೆ ಯಾರೂ ಅನುಮಾನದ ಪ್ರಶ್ನೆ ಕೇಳುವುದಿಲ್ಲ. ನನ್ನ ಫಲಕದಲ್ಲಿ ‘ಕ್ರೇನಿಯೋಸೇಕ್ರಲ್ ಥೆರಪಿ’ (ತಲೆಬುರುಡೆಯನ್ನು ಹಗುರವಾಗಿ ಹಿಡಿದು ಮಾಡುವ ಚಿಕಿತ್ಸೆ) ಎಂದು ಓದಿದವರು ಮಾತ್ರ ಬಿಡದೆ ಕೇಳುತ್ತಾರೆ: ‘ಎಣ್ಣೆ ಹಚ್ಚುವುದಿಲ್ಲ, ತಿಕ್ಕುವುದಿಲ್ಲ, ಒತ್ತುವುದಿಲ್ಲ. ತಲೆಯನ್ನು ಸುಮ್ಮನೆ ಹಿಡಿದುಕೊಂಡರೆ ನೋವು ಹೋಗುತ್ತದೆಯೇ ಮೇಡಂ?’

ಕ್ಷೌರದಂಗಡಿಯಲ್ಲಿ ತಲೆ ತಟ್ಟಿಸಿಕೊಂಡು, ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಿಕೊಂಡರೇನೇ ಸಮಾಧಾನ ಎನ್ನುವವರ ಊರಿದು, ಪ್ರಶ್ನೆ ನ್ಯಾಯವಾದದ್ದೇ. (ಆ ಲಟಕ್ ಮಾತ್ರ ಬೇಡ. ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾಗಬಹುದು.) ಕೆಲವರಿಗೆ ನೋವು ಇಳಿಯುತ್ತದೆ, ನಿಜ. ಆದರೆ ಈ ಚಿಕಿತ್ಸೆಯನ್ನು ಕಲಿಸುವವರು ಕೊಡುವ ಕಾರಣವನ್ನು ನಾನು ನಂಬುವುದಿಲ್ಲ.

ಆ ಕಾರಣ ಹುಟ್ಟಿದ್ದು ಅಮೆರಿಕದಲ್ಲಿ. ಮೂಳೆ, ಸ್ನಾಯುಗಳನ್ನು ಕೈಯಿಂದ ತಿದ್ದುವ ಆಸ್ಟಿಯೋಪಥಿ ಎಂಬ ಪದ್ಧತಿಯ ವಿದ್ಯಾರ್ಥಿಯಾಗಿದ್ದ ವಿಲಿಯಂ ಗಾರ್ನರ್ ಸದರ್‌ಲ್ಯಾಂಡ್, ಬಿಡಿಬಿಡಿಯಾಗಿ ಜೋಡಿಸಿಟ್ಟ ತಲೆಬುರುಡೆಯೊಂದನ್ನು ನೋಡಿ, ಕಿವಿಯ ಬಳಿಯ ಮೂಳೆಯ ಅಂಚು ಮೀನಿನ ಕಿವಿರಿನಂತಿದೆ, ಹಾಗಾದರೆ ಅದು ಅಲುಗಾಡಲೇಬೇಕು ಎಂದುಕೊಂಡರು. 1970ರ ದಶಕದಲ್ಲಿ ಮಿಷಿಗನ್‌ನಲ್ಲಿದ್ದ ಜಾನ್ ಅಪ್‌ಲೆಡ್ಜರ್ ಅದನ್ನು ಬೆಳೆಸಿ ಈಗಿನ ರೂಪಕ್ಕೆ ತಂದರು. ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವಕ್ಕೆ ಉಸಿರಿಗೂ ನಾಡಿಗೂ ಸೇರದ ಲಯವೊಂದಿದೆ, ನಿಮಿಷಕ್ಕೆ 6ರಿಂದ 12 ಬಾರಿ ಏರಿಳಿಯುತ್ತದೆ, 5 ಗ್ರಾಂ ಭಾರದಷ್ಟು ಸ್ಪರ್ಶದಿಂದ ಅದನ್ನು ಸರಿಪಡಿಸಬಹುದು ಎಂಬುದು ಅವರ ವಾದ.

ದ್ರವವೇನೋ ಇದೆ. ಸುಮಾರು 150 ಮಿಲಿಲೀಟರ್. ದಿನಕ್ಕೆ 500 ಮಿಲಿಲೀಟರ್‌ನಷ್ಟು ಹೊಸದಾಗಿ ಉತ್ಪತ್ತಿಯಾಗುತ್ತದೆ. ಆದರೆ ಅದು ಚಲಿಸುವುದು ಎದೆಬಡಿತ, ಉಸಿರಾಟಗಳ ಜೊತೆಗೆ. ಒಬ್ಬರೇ ರೋಗಿಯನ್ನು ಇಬ್ಬರು ಚಿಕಿತ್ಸಕರಿಂದ ಮುಟ್ಟಿಸಿ ಲಯ ಎಣಿಸಿದ ಪರೀಕ್ಷೆಗಳಲ್ಲಿ ಲೆಕ್ಕಗಳು ತಾಳೆಯಾಗಲಿಲ್ಲ. ಅಂಥ ಲಯ ಇದ್ದರೆ ತಾಳೆಯಾಗಬೇಕಿತ್ತಲ್ಲ!

ಹಾಗಾದರೆ ನಾನೇಕೆ ಮಾಡುತ್ತೇನೆ? ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸೊಬ್ಬರು ಕುತ್ತಿಗೆ ನೋವೆಂದು ಬಂದಿದ್ದರು. ತುರುಬು ಬಿಚ್ಚಿ, ಹೇರ್‌ಪಿನ್ ತೆಗೆದಿಟ್ಟು ಅಂಗಾತ ಮಲಗಿದರು. ಬುರುಡೆ ಕುತ್ತಿಗೆಗೆ ಸೇರುವ ಕಡೆ ನನ್ನ ಬೆರಳ ತುದಿಗಳು, ಅಂಗೈಯಲ್ಲಿ ಅವರ ತಲೆ. ಮೊದಲು ಅವರು ತಲೆಯನ್ನು ನನ್ನ ಕೈಗೆ ಬಿಡಲೇ ಇಲ್ಲ. ತಾವೇ ಎತ್ತಿ ಹಿಡಿದಿದ್ದರು. ಹೆಚ್ಚಿನವರು ಹೀಗೆಯೇ. ಆಮೇಲೆ ಭಾರ ಮೆಲ್ಲಗೆ ಕೈಗಿಳಿಯಿತು, ದವಡೆ ಸಡಿಲಾಯಿತು, ಉಸಿರು ಹೊಟ್ಟೆಯವರೆಗೆ ಹೋಗತೊಡಗಿತು. ನನ್ನ ಕೈಗೆ ಸಿಕ್ಕಿದ್ದು ಇಷ್ಟೇ, ಯಾವ ಗುಪ್ತ ಲಯವೂ ಅಲ್ಲ. ಹಗಲೆಲ್ಲ ಬಿಗಿಹಿಡಿದ ಸ್ನಾಯುವಿಗೆ ಇದು ಸಣ್ಣ ಉಪಕಾರವಲ್ಲ. ಅವರಿಗೆ ಕುತ್ತಿಗೆಯ ವ್ಯಾಯಾಮವನ್ನೂ ಹೇಳಿಕೊಟ್ಟೆ; ಗುಣದ ಹೆಚ್ಚಿನ ಪಾಲು ಅದಕ್ಕೇ ಸೇರಬೇಕು.

ಜರ್ಮನಿಯಲ್ಲಿ 54 ಕುತ್ತಿಗೆ ನೋವಿನ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ, ಬರೀ ಮುಟ್ಟುವುದಕ್ಕಿಂತ ಇದು ಮೇಲು ಎಂದಿತು. 2024ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿದವರು ಯಾವ ಕಾಯಿಲೆಗೂ ಪ್ರಯೋಜನ ಕಾಣಲಿಲ್ಲ ಎಂದರು. ಆದ್ದರಿಂದ ಮೈಗ್ರೇನ್, ಆಟಿಸಂ, ಫಿಟ್ಸ್ ವಾಸಿ ಮಾಡುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ನಡೆಯುತ್ತಿರುವ ಮಾತ್ರೆಯನ್ನು ಇದಕ್ಕಾಗಿ ನಿಲ್ಲಿಸಲೂಬೇಡಿ. ತಲೆಗೆ ಈಚೆಗೆ ಪೆಟ್ಟಾಗಿದ್ದರೆ, ಮಿದುಳಿನ ರಕ್ತಸ್ರಾವವಾಗಿದ್ದರೆ ನಾನು ಮುಟ್ಟುವುದಿಲ್ಲ. ಇದ್ದಕ್ಕಿದ್ದಂತೆ ಹಿಂದೆಂದೂ ಕಾಣದಂಥ ತಲೆನೋವು ಬಂದರೆ, ಮಾತು ತೊದಲಿದರೆ ನೇರವಾಗಿ ಆಸ್ಪತ್ರೆಗೆ.

ಕೂಸಿನ ತಲೆ ಒಂದು ಕಡೆ ಚಪ್ಪಟೆಯಾಗಿದೆ, ನೆತ್ತಿ ಸರಿಮಾಡಿಕೊಡಿ ಎಂದು ಬರುವ ಅಜ್ಜಿಯರೂ ಇದ್ದಾರೆ. ಅವರನ್ನು ಮಕ್ಕಳ ವೈದ್ಯರ ಬಳಿಗೆ ಕಳುಹಿಸುತ್ತೇನೆ. ‘ಮುಟ್ಟಿ ನೋಡಲೂ ಆಗುವುದಿಲ್ಲವೇನಮ್ಮ, ಮತ್ತೆ ಬೋರ್ಡು ಯಾಕೆ ಹಾಕಿದ್ದೀಯ?’ ಎಂದು ಗದರಿಯೇ ಹೋಗುತ್ತಾರೆ.