ತೋಟದ ಮನೆಗೊಂದು 12 ಬೋರ್: ಗನ್ ಆಯ್ಕೆ ಎಲ್ಲಿಗೆ ಬಂತು

ಜೂನ್

ಲೈಸೆನ್ಸ್ ಕೈಗೆ ಬಂತು. ಠಾಣೆಯ ವರದಿ, ಎಸ್‌ಪಿ ಕಚೇರಿ, ರಾಯಚೂರಿನ ಡಿಸಿ ಕಚೇರಿ ಎಲ್ಲ ಮುಗಿಯಿತು. ಇನ್ನು 12 ಬೋರ್ ಗನ್, ಅಂದರೆ ಚರೆ (ಸಣ್ಣ ಸೀಸದ ಗುಂಡು) ತುಂಬಿದ ತೋಟಾ ಹಾರಿಸುವ ಶಾಟ್‌ಗನ್, ಆರಿಸಬೇಕು. ಲಿಂಗಸುಗೂರು, ಮುದಗಲ್ ಕಡೆ ದಾಳಿಂಬೆ ಹಾಕಿಕೊಂಡು ಹೊಲದಲ್ಲೇ ಮನೆ ಮಾಡಿರುವವರು ನನ್ನನ್ನು ಇದೇ ವಿಷಯ ಕೇಳುತ್ತಿರುತ್ತಾರೆ. ಅವರಿಗೂ ಉಪಯೋಗ ಆಗಲಿ ಅಂತ ಬರೆದಿಡುತ್ತಿದ್ದೇನೆ.

ನನಗೆ ಬೇಕಾಗಿರುವುದು ಎರಡು ಕೆಲಸಕ್ಕೆ. ಒಂದು, ಮನೆ ಕಾವಲು. ನಮ್ಮ ಮನೆ ಊರಿಂದ ದೂರ ಇದೆ. ಹಣ್ಣು ಕೊಯ್ಯುವ ಕಾಲದಲ್ಲಿ ಮಾಲೂ ಇರುತ್ತದೆ, ಹಣವೂ ಇರುತ್ತದೆ. ಇನ್ನೊಂದು, ಗುರಿ ಹೊಡೆಯುವ ಆಟ. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್‌ನಲ್ಲಿ, ಅಂದರೆ ಒಟ್ಟಿಗೆ ಹಾರುವ ಎರಡು ತಟ್ಟೆ ಹೊಡೆಯುವ ಆಟದಲ್ಲಿ, ಬೆಳ್ಳಿ ಗೆದ್ದಾಗಿಂದ ನನಗೆ ಈ ಆಸೆ ಇದೆ. ಬೇಟೆ ನನ್ನ ಪಟ್ಟಿಯಲ್ಲಿಲ್ಲ. ಹಂದಿ ಹೊಡೆಯೋಕೆ ಆಗ್ತದಲ್ಲ ಅಂತ ಕೇಳಿದವರಿಗೆ ಹೇಳಿದ್ದೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಗನ್ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಬೇಟೆಗೆ ಅನುಮತಿ ಸಿಕ್ಕ ಹಾಗಲ್ಲ.

ಕಾನೂನು ಓದಿದ ಮೇಲೆ ಅರ್ಧ ಆಯ್ಕೆ ತಾನಾಗೇ ಆಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ, ರಕ್ಷಣೆಗೆ ಅಥವಾ ಕ್ರೀಡೆಗೆ ಬೇಕಾದ ನಯವಾದ ನಳಿಗೆಯ ಬಂದೂಕನ್ನು ಬೇರೆಯಾಗಿಯೇ ನೋಡುತ್ತದೆ. ಆದರೆ ಬ್ಯಾರಲ್ 20 ಇಂಚಿಗಿಂತ ಕಡಿಮೆ ಇರಬಾರದು. ಸಿನಿಮಾದಲ್ಲಿ ನೋಡುವ ಮೊಟಕು ಗನ್ ನಮಗೆ ಅಲ್ಲ. ಮನೆಯೊಳಗೆ ತಿರುಗಿಸಲು ಗಿಡ್ಡ ಬ್ಯಾರಲ್ ಸಲೀಸು ಅನ್ನುವುದು ನಿಜ. ಆದರೆ ಹಾರುವ ತಟ್ಟೆಗೆ ಉದ್ದ ಬ್ಯಾರಲ್ಲೇ ಚೆನ್ನ, ಗನ್ ಕೈಯಲ್ಲಿ ಎಳೆದಾಡದೆ ಹರಿದು ಹೋಗುತ್ತದೆ.

ಜುಲೈ

ಮೂರು ಬಗೆ ನೋಡಿದೆ. ಸಿಂಗಲ್ ಬ್ಯಾರಲ್ ಹಗುರ, ಅಗ್ಗ. ಒಂದು ಈಡು ಹೊಡೆದ ಮೇಲೆ ಮಡಚಿ ಮತ್ತೆ ತುಂಬಬೇಕು. ಹಗುರ ಆದಷ್ಟೂ ಹೆಗಲಿಗೆ ಒದೆತ ಜಾಸ್ತಿ.

ಪಂಪ್ ಆ್ಯಕ್ಷನ್‌ನಲ್ಲಿ ತೋಟಾಗಳು ಬ್ಯಾರಲ್ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಕೂರುತ್ತವೆ. ಮುಂಗೈ ಹಿಡಿಯನ್ನು ಹಿಂದೆ ಎಳೆದು ಮುಂದೆ ತಳ್ಳಿದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಗೆ ಹೋಗುತ್ತದೆ. ಒಳ್ಳೆ ಯಂತ್ರವೇ. ಆದರೆ ಗಾಬರಿಯಲ್ಲಿ ಪೂರ್ತಿ ಎಳೆಯದಿದ್ದರೆ ಅದು ಸಿಕ್ಕಿಕೊಳ್ಳುತ್ತದೆ. ಕೊಳವೆಯಲ್ಲಿ ತೋಟಾ ಉಳಿದಿದೆಯಾ ಅನ್ನುವುದು ಹೊರಗಿಂದ ಕಾಣುವುದಿಲ್ಲ.

ಡಬಲ್ ಬ್ಯಾರಲ್ ಮಡಚಿದರೆ ಎರಡೂ ನಳಿಗೆಯಲ್ಲಿ ಆಚೆ ಬೆಳಕು ಕಾಣುತ್ತದೆ. ಖಾಲಿ ಇದೆಯೋ ಇಲ್ಲವೋ ಅಂತ ಯಾರಿಗಾದರೂ ಒಂದೇ ನೋಟಕ್ಕೆ ತಿಳಿಯುತ್ತದೆ. ಮಕ್ಕಳಿರುವ ಮನೆಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ ಅಂತ ನನಗೆ ಅನಿಸಿತು. ಎರಡು ಈಡು ಸಾಕಾಗ್ತದಾ ಅಂದರೆ, ಸಾಕು. ಒಂದೊಂದೇ ತಟ್ಟೆ ಹಾರಿಸುವ ಟ್ರ್ಯಾಪ್ ಆಟದಲ್ಲೂ ಒಂದು ತಟ್ಟೆಗೆ ಎರಡೇ ಈಡು.

ಆಗಸ್ಟ್

ಕಾಕಾ ತಮ್ಮ ಹಳೆಯ ಇಂಗ್ಲಿಷ್ ಡಬಲ್ ಬ್ಯಾರಲ್ ಕೊಡುತ್ತೇನೆ ಅಂದರು. "ಹೊಸಾದು ಯಾಕ್ ತೊಗೊಳ್ತಿ ತಮ್ಮಾ, ಇದನ್ನ ನಿನ್ ಹೆಸರಿಗೆ ಮಾಡ್ಕೊ" ಅಂತ. ನೋಡಲು ಬಹಳ ಚೆಂದ ಇದೆ. ಒಬ್ಬ ಹಳೆಯ ಗನ್ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ ಕೂಲಂಕಷವಾಗಿ ನೋಡಿದೆವು. ಹಳೆ ಗನ್ ಕೊಳ್ಳುವವರು ಈ ಭಾಗವನ್ನು ದಯವಿಟ್ಟು ಬಿಡದೆ ಓದಿ.

ಮೊದಲು ಗನ್ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡೆವು. ಮುಂಭಾಗದ ಮರ ಬಿಚ್ಚಿ, ಬ್ಯಾರಲ್ ಮುಚ್ಚಿದ ಸ್ಥಿತಿಯಲ್ಲಿ ಅಲ್ಲಾಡಿಸಿದೆವು. ಕೀಲು ಸವೆದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸ್ವಲ್ಪ ಅಲ್ಲಾಡಿತು. ಆಮೇಲೆ ಬ್ಯಾರಲ್ ಜೋಡಿಯನ್ನು ಬೇರೆ ಮಾಡಿ, ಕೊಕ್ಕೆಯಿಂದ ಬೆರಳಿಗೆ ನೇತುಹಾಕಿ, ಉಗುರಿನಿಂದ ತಟ್ಟಿದರು. ಎರಡು ನಳಿಗೆಯ ನಡುವಿನ ಪಟ್ಟಿಯ ಬೆಸುಗೆ ಗಟ್ಟಿ ಇದ್ದರೆ ಗುಡಿಯ ಗಂಟೆಯ ಹಾಗೆ ನಾದ ಬರುತ್ತದೆ. ಬಿಟ್ಟಿದ್ದರೆ ಮಂಕು ಸದ್ದು. ಇದರದು ಚೆನ್ನಾಗೇ ಬಂತು. ಬ್ಯಾರಲ್ ಒಳಗೆ ಬೆಳಕಿಗೆ ಹಿಡಿದು ನೋಡಿದರೆ ತಗ್ಗು, ತುಕ್ಕಿನ ಕಲೆ ಕೂಡ ಜಾಸ್ತಿ ಇರಲಿಲ್ಲ.

ಅಡ್ಡ ಬಂದದ್ದು ಚೇಂಬರ್, ಅಂದರೆ ನಳಿಗೆಯ ಹಿಂದೆ ತೋಟಾ ಕೂರುವ ಜಾಗ. ಅಳೆದರೆ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ ಸಿಗುವ ತೋಟಾ ಬಹುತೇಕ 70 ಮಿಲಿಮೀಟರ್‌ನದು. ಇದರಲ್ಲಿ ಒಂದು ಅಪಾಯ ಅಡಗಿದೆ. 70 ಅನ್ನುವುದು ಹೊಡೆದ ಮೇಲಿನ ಉದ್ದ. ಹೊಡೆಯುವ ಮುಂಚೆ ತುದಿ ಮಡಚಿರುವುದರಿಂದ ತೋಟಾ ಗಿಡ್ಡ ಇರುತ್ತದೆ, 65ರ ಚೇಂಬರ್‌ನಲ್ಲಿ ಸಲೀಸಾಗಿ ಕೂರುತ್ತದೆ, ಗನ್ ಮುಚ್ಚುತ್ತದೆ. ಹೊಡೆದಾಗ ಆ ಮಡಿಕೆ ಬಿಚ್ಚಿಕೊಂಡು ಮುಂದಿನ ಇಕ್ಕಟ್ಟಿಗೆ ಚಾಚುತ್ತದೆ. ಚರೆ ಹೊರಗೆ ಹೋಗುವ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ತೋಟಾ ಹಿಡಿಸಿತು ಅಂದರೆ ಸರಿ ಹೋಯಿತು ಅಂತ ಅಲ್ಲವೇ ಅಲ್ಲ. ಕೀಲು ಸವೆದ ಗನ್‌ಗೆ ಇದು ಇನ್ನೂ ಕೆಟ್ಟದ್ದು. ಪಟ್ಟಿ ಪಟ್ಟಿ ಗೆರೆ ಕಾಣುವ ಡಮಾಸ್ಕಸ್ ಬ್ಯಾರಲ್ ಆದರಂತೂ ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಲೇಬಾರದು.

ಕಾಕಾಗೆ ಬೇಜಾರಾಯಿತು. ಆದರೆ ಅಳತೆ ತೋರಿಸಿದಾಗ ಅವರೂ ಒಪ್ಪಿದರು. ಇನ್ನೊಬ್ಬ ಲೈಸೆನ್ಸ್‌ದಾರರಿಂದ ನೇರವಾಗಿ ಕೊಳ್ಳುವವರು ಇನ್ನೊಂದು ನೆನಪಿಡಬೇಕು. ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ, 45 ದಿನ ಕಳೆದ ಮೇಲೆಯೇ ಗನ್ ಕೈ ಬದಲಾಗಬೇಕು.

ಸೆಪ್ಟೆಂಬರ್

ಹೈದರಾಬಾದ್‌ಗೆ ಹೋಗಿ ಬಂದೆ. ಅಲ್ಲಿನ ಸೆಂಟ್ರಲ್ ಯೂನಿವರ್ಸಿಟಿ ಆವರಣದ ಶೂಟಿಂಗ್ ರೇಂಜ್‌ನಲ್ಲಿ ಟ್ರ್ಯಾಪ್, ಮತ್ತು ಸ್ಕೀಟ್ ಎಂಬ ಇನ್ನೊಂದು ತಟ್ಟೆ ಹೊಡೆಯುವ ಆಟ, ಎರಡೂ ಇವೆ. ನನ್ನ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ, ಹಾಗಾಗಿ ಸ್ವಂತ ಗನ್ ಇದ್ದರೂ ಗಡಿ ದಾಟಿಸುವಂತಿಲ್ಲ. ಅಲ್ಲಿನ ಗನ್‌ನಲ್ಲೇ, ಕೋಚ್ ಪಕ್ಕದಲ್ಲಿ ನಿಂತು ಕಲಿಸಿದರು.

ತಟ್ಟೆ 110 ಮಿಲಿಮೀಟರ್ ಅಗಲ. ಕೂಗಿದ ತಕ್ಷಣ ಹಾರುತ್ತದೆ, ಎಡಕ್ಕೋ ಬಲಕ್ಕೋ ಗೊತ್ತಿರುವುದಿಲ್ಲ. ಟ್ರ್ಯಾಪ್‌ನಲ್ಲಿ ಒಂದು ರೌಂಡ್‌ಗೆ 25 ತಟ್ಟೆ, ತೋಟಾದಲ್ಲಿ ಚರೆ 24 ಗ್ರಾಂ ಮೀರಬಾರದು. ಮೊದಲ ತಟ್ಟೆ ಪುಡಿಯಾದಾಗ ಆದ ಖುಷಿ ಹೇಳಲಾರೆ. ಇದು ನನ್ನ ಆಟ ಅನ್ನುವುದು ಆ ಕ್ಷಣಕ್ಕೇ ಖಚಿತವಾಯಿತು.

ಅಲ್ಲೇ ಒಂದು ಮುಖ್ಯ ವಿಷಯ ಗೊತ್ತಾಯಿತು. ನಾನು ಬಲಗೈಯವನು, ಆದರೆ ನನ್ನ ಎಡಗಣ್ಣು ಪ್ರಬಲ. ಪರೀಕ್ಷೆ ಸುಲಭ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಬೆರಳು ಕಂಬದ ಮೇಲೇ ಉಳಿಯುತ್ತದೋ ಅದು ಪ್ರಬಲ ಕಣ್ಣು. ಶಾಟ್‌ಗನ್‌ಗೆ ರೈಫಲ್ ಥರ ಹಿಂದಿನ ಗುರಿಕಟ್ಟು ಇರುವುದಿಲ್ಲ. ನಿಮ್ಮ ಕಣ್ಣೇ ಗುರಿಕಟ್ಟು. ಬಲ ಹೆಗಲಿನಿಂದ ಹೊಡೆಯುವಾಗ ಎಡಗಣ್ಣು ಮೇಲುಗೈ ಪಡೆದರೆ ಈಡು ಎಡಕ್ಕೆ ಹೋಗುತ್ತದೆ. ಕೋಚ್ ನನ್ನ ಕನ್ನಡಕದ ಎಡ ಗಾಜಿಗೆ ಸಣ್ಣ ಟೇಪ್ ಅಂಟಿಸಿದರು. ತಕ್ಷಣ ವ್ಯತ್ಯಾಸ ಕಂಡಿತು.

ಬಟ್‌ನ, ಅಂದರೆ ಹೆಗಲಿಗೆ ಒರಗಿಸುವ ಹಿಂಭಾಗದ, ಉದ್ದವೂ ಅಷ್ಟೇ ಮುಖ್ಯ. ಕಣ್ಣು ಮುಚ್ಚಿ ಗನ್ ಹೆಗಲಿಗೆ ತಂದು, ಕೆನ್ನೆ ಇಟ್ಟು, ಕಣ್ಣು ತೆರೆಯಬೇಕು. ನೋಟ ಬ್ಯಾರಲ್ ಮೇಲೆ ನೇರ ಹರಿದರೆ ಗನ್ ನಿಮ್ಮದು. ಕತ್ತು ಚಾಚಿ ಹುಡುಕಬೇಕಾದರೆ ಎಷ್ಟೇ ದೊಡ್ಡ ಹೆಸರಿನ ಗನ್ ಆದರೂ ಬಿಡಿ.

ಅಕ್ಟೋಬರ್

ಡಿಸಿ ಕಚೇರಿಗೆ ಹೋದಾಗ ಕೋಟೆ ಕಡೆ ಹೋಗಿದ್ದೆ. ರಾಯಚೂರಿಗೂ ಬಂದೂಕಿಗೂ 500 ವರ್ಷದ ನಂಟು ಇದೆ. 1520ರಲ್ಲಿ ಕೃಷ್ಣದೇವರಾಯ ಈ ಕೋಟೆಗೆ ಮುತ್ತಿಗೆ ಹಾಕಿದಾಗ, ಕ್ರಿಸ್ಟೊವಾವ್ ದ ಫಿಗೆರೆಡೊ ಎಂಬ ಪೋರ್ಚುಗೀಸನ ಬಂದೂಕುಗಾರರು ಗೋಡೆಯ ಮೇಲೆ ತಲೆ ತೋರಿದ ಕಾವಲಿನವರನ್ನು ಗುರಿಯಿಟ್ಟು ಹೊಡೆದರು. ಕೆಳಗೆ ರಾಯರ ಸೈನಿಕರು ಗೋಡೆಯ ಕಲ್ಲು ಕೀಳಲು ದಾರಿಯಾಯಿತು. ಅಷ್ಟು ಒರಟು ಬಂದೂಕಿನಲ್ಲೂ ಗುರಿಯೇ ಕೆಲಸ ಮಾಡಿತು.

ಶಾಟ್‌ಗನ್‌ಗೆ ಗುರಿಯೇ ಬೇಡ, ಚರೆ ಹರಡ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ಮನೆಯೊಳಗೆ ನಿಜವಲ್ಲ. ಪಡಸಾಲೆಯ ಐದಾರು ಮೀಟರ್ ದೂರದಲ್ಲಿ ಚರೆ ಇನ್ನೂ ಹೆಚ್ಚು ಹರಡಿರುವುದಿಲ್ಲ. ಹಾಗಾಗಿ ಗುರಿ ತಪ್ಪಿದರೆ ಪೂರ್ತಿ ತಪ್ಪುತ್ತದೆ, ಮತ್ತು ಆಚೆ ಇರುವುದಕ್ಕೆ ಬಡಿಯುತ್ತದೆ.

ಆಚೆ ಏನಿದೆ ಅನ್ನುವುದನ್ನು ಒಂದು ದಿನ ಕೂತು ನಕ್ಷೆ ಬರೆದೆ. ಮುಂದಿನ ಬಾಗಿಲಿನ ನೇರಕ್ಕೆ ಆಳುಮಕ್ಕಳ ತಗಡಿನ ಶೆಡ್ ಇದೆ. ಅದರಲ್ಲಿ ಎಳೆ ಮಕ್ಕಳು ಮಲಗುತ್ತಾರೆ. ಎಲ್‌ಜಿ, ಎಸ್‌ಜಿ ತೋಟಾದಲ್ಲಿ ಕೆಲವೇ ದಪ್ಪ ಸೀಸದ ಗುಂಡು ಇರುತ್ತವೆ. ತಗಡು, ಮರದ ಬಾಗಿಲು ಅವಕ್ಕೆ ಲೆಕ್ಕಕ್ಕೇ ಇಲ್ಲ. ನಮ್ಮ ಮನೆಯ ಗೋಡೆ ಕಲ್ಲಿನದು, ಅಲ್ಲಿ ಸೀಸ ಪುಟಿಯುವ ಭಯ ಬೇರೆ. ನಂಬರ್ ಇರುವ ತೋಟಾಗಳಲ್ಲಿ ನಂಬರ್ ದೊಡ್ಡದಾದಷ್ಟೂ ಚರೆ ಸಣ್ಣದು. ಸಣ್ಣ ಚರೆಯ ಬಲ ದೂರ ಹೋದಂತೆ ಬೇಗ ಕುಗ್ಗುತ್ತದೆ. ಆದರೆ ಅಷ್ಟು ಹತ್ತಿರದಲ್ಲಿ ಅದೂ ಪ್ರಾಣ ತೆಗೆಯುತ್ತದೆ. ಹಾಗಾಗಿ ತೋಟಾ ಬದಲಿಸಿ ನೆಮ್ಮದಿ ಪಡುವ ಬದಲು, ಆ ಬಾಗಿಲಿನ ದಿಕ್ಕಿಗೆ ಗನ್ ತಿರುಗಬಾರದು ಅಂತ ನಿರ್ಧಾರ ಮಾಡಿದೆ. ಅಂಗಳಕ್ಕೆ ದೊಡ್ಡ ದೀಪ ಹಾಕಿಸಿದೆ. ಬಾಗಿಲಿಗೆ ಒಳ ಅಗಳಿ ಬಂತು. ಮುಧೋಳ ನಾಯಿ ಮೊದಲೇ ಇದೆ. ಸದ್ದಾದರೆ ಎಲ್ಲರೂ ಒಳಕೋಣೆಗೆ, 112ಕ್ಕೆ ಫೋನ್. ಗನ್ ಇವೆಲ್ಲದರ ನಂತರ.

ಕಾನೂನೂ ಇದನ್ನೇ ಹೇಳುತ್ತದೆ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳಲ್ಲಿದೆ. ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡಲು ಅದು ಬಿಡುವುದಿಲ್ಲ. ಹಣ್ಣಿನ ಚೀಲ ಹೊತ್ತು ಓಡುವವನ ಬೆನ್ನಿಗೆ ಹೊಡೆದರೆ ರಕ್ಷಣೆ ಅನ್ನಿಸಿಕೊಳ್ಳುವುದಿಲ್ಲ, ಅನ್ನಿಸಿಕೊಳ್ಳಲೂಬಾರದು.

ನವೆಂಬರ್

ಮನೆಯಾಕೆಯ ಷರತ್ತು ಸ್ಪಷ್ಟ ಇತ್ತು. "ಮೊದಲು ಕಪಾಟು ತರ್ರಿ, ಆಮ್ಯಾಲೆ ಗನ್." ಉಕ್ಕಿನ ಕಪಾಟು ತಂದು ಗೋಡೆಗೆ ಬೋಲ್ಟ್ ಹಾಕಿಸಿದೆ. ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಕೋಣೆ, ಬೇರೆ ಬೀಗ. ಲೈಸೆನ್ಸ್ ನನ್ನ ಹೆಸರಿನಲ್ಲಿದೆ, ನಾನಿಲ್ಲದಾಗ ಗನ್ ಮತ್ತೊಬ್ಬರ ಕೈಗೆ ಹೋಗುವಂತಿಲ್ಲ. ಚುನಾವಣೆ ಬಂದು ಠಾಣೆಗೆ ಒಪ್ಪಿಸಿ ಅಂದರೆ ಒಪ್ಪಿಸಿ ರಸೀದಿ ಪಡೆಯಬೇಕು.

ಮದುವೆಯಲ್ಲಿ ಒಂದು ಈಡು ಹಾರಿಸು ಅಂತ ಈಗಲೇ ಶುರು ಮಾಡಿದ್ದಾರೆ. ಆಗಲ್ಲ ಅಂದಿದ್ದೇನೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಎರಡೂ ಆಗಬಹುದು.

ಡಿಸೆಂಬರ್

ಆಯ್ಕೆ ಆಯಿತು. ಸರಕಾರಿ ಕಾರ್ಖಾನೆಯ, ನಮ್ಮವರು ಐಓಎಫ್ ಅಂತ ಕರೆಯುವ 12 ಬೋರ್ ಡಬಲ್ ಬ್ಯಾರಲ್, ಡೀಲರ್ ಹತ್ತಿರ ಇದ್ದ ಬಳಸಿದ ಗನ್. ಚೇಂಬರ್ 70 ಮಿಲಿಮೀಟರ್, ಕೀಲು ಬಿಗಿ, ಒಳಗೆ ಕನ್ನಡಿ ಹೊಳಪು. ಎರಡು ಟ್ರಿಗರ್. ಬಲ ನಳಿಗೆಯ ಚೋಕ್ (ಚರೆ ಹರಡದಂತೆ ಹಿಡಿಯುವ ತುದಿಯ ಇಕ್ಕಟ್ಟು) ಸಡಿಲ, ಎಡದ್ದು ಬಿಗಿ, ಹಾಗಾಗಿ ಹತ್ತಿರದ ತಟ್ಟೆಗೆ ಒಂದು, ದೂರ ಹೋದದ್ದಕ್ಕೆ ಇನ್ನೊಂದು ಅಂತ ಟ್ರಿಗರ್‌ನಲ್ಲೇ ಆರಿಸಿಕೊಳ್ಳಬಹುದು. ಟ್ರ್ಯಾಪ್ ಆಡುವವರು ಮೇಲೆ ಕೆಳಗೆ ನಳಿಗೆ ಇರುವ ಗನ್ ಇಷ್ಟಪಡುತ್ತಾರೆ, ನಿಜ. ಆಟ ಮುಂದುವರಿದರೆ ಅದನ್ನು ಆಮೇಲೆ ನೋಡೋಣ. ಒಬ್ಬರಿಗೆ ಈಗ ಎರಡು ಗನ್‌ವರೆಗೆ ಅವಕಾಶ ಇದೆ.

ಗನ್ ನಂಬರ್ ಲೈಸೆನ್ಸ್‌ನಲ್ಲಿ ದಾಖಲಾಯಿತು. ಬಟ್ ನನಗೆ ಸ್ವಲ್ಪ ಗಿಡ್ಡ, ಅದಕ್ಕೆ ರಬ್ಬರ್ ಪ್ಯಾಡ್ ಹಾಕಲು ಮಿಸ್ತ್ರಿಗೆ ಹೇಳಿದ್ದೇನೆ. ಒದೆತವೂ ಕಡಿಮೆ ಆಗುತ್ತದೆ.

ಮುಂದಿನ ಕೆಲಸ ಕಾಗದದ ಪರೀಕ್ಷೆ. 40 ಗಜ ದೂರದಲ್ಲಿ ದೊಡ್ಡ ಹಾಳೆ ಕಟ್ಟಿ, ಒಂದೊಂದು ನಳಿಗೆಯಿಂದ ಹೊಡೆದು, 30 ಇಂಚಿನ ವೃತ್ತದೊಳಗೆ ಎಷ್ಟು ಚರೆ ಬಿತ್ತು ಅಂತ ಎಣಿಸುವುದು. ಪೂರ್ತಿ ಬಿಗಿ ಚೋಕ್ ಆದರೆ ನೂರರಲ್ಲಿ ಸುಮಾರು 70 ಒಳಗೆ ಬೀಳಬೇಕು, ಚೋಕ್ ಇಲ್ಲದ ನಳಿಗೆಗೆ ಸುಮಾರು 40. ಇದನ್ನು ಹೊಲದಲ್ಲಿ ಮಾಡುವುದಿಲ್ಲ. ಪೊಲೀಸ್ ಇಲಾಖೆ ನಾಗರಿಕರಿಗೆ ಬಂದೂಕು ತರಬೇತಿ ನಡೆಸುವಾಗ ಸೇರಿಕೊಂಡು, ಅಲ್ಲಿನ ರೇಂಜ್‌ನಲ್ಲಿ ಅನುಮತಿ ಕೇಳುತ್ತೇನೆ. ಹಾಳೆಯ ಲೆಕ್ಕ ಸಿಕ್ಕ ಮೇಲೆ ಇಲ್ಲೇ ಬರೆಯುತ್ತೇನೆ.