ಮಾಡೆಲ್‌ಗೆ ಹೊಂದದ ರೋಗಿಗಳನ್ನ ತೆಗೆದುಹಾಕೋ ಮುಂಚೆ

ಡೇಟಾ ಫ್ರೀಜ್‌ಗೆ ಹಿಂದಿನ ದಿನದ ಕಾಲ್ ಅದು. ಲೀಡ್ ಸ್ಕ್ರೀನ್ ಶೇರ್ ಮಾಡಿದ್ರು, ಒಂದೇ ಪ್ಲಾಟ್. ಕೆಳಗಡೆ ವಾರಗಳು, ಎಡಗಡೆ ಎಂ184ಐ ಮ್ಯುಟೆಂಟ್‌ನ, ಅಂದ್ರೆ ಔಷಧಕ್ಕೆ ಬಗ್ಗದ ಒಂದು ಎಚ್‌ಐವಿ ರೂಪದ, ಪಾಲು. ನಮ್ಮ ಸಿಮ್ಯುಲೇಶನ್ ಗೆರೆ ಸೊನ್ನೆ ಹತ್ರಾನೇ ಮಲಗಿದೆ, ಆದ್ರೆ ಕೆಲವು ರೋಗಿಗಳ ಚುಕ್ಕೆಗಳು ಮೊದಲ ವಾರಗಳಲ್ಲಿ ಮೇಲಕ್ಕೆದ್ದು ಆಮೇಲೆ ಇಳಿದು ಹೋಗಿವೆ. "ಇವರನ್ನ ಔಟ್‌ಲೈಯರ್ ಅಂತ ಫ್ಲ್ಯಾಗ್ ಮಾಡಿ ತೆಗೆದು ಫಿಟ್ ಮತ್ತೆ ರನ್ ಮಾಡಿ, ಸ್ಲೈಡ್ ಡೆಕ್ ಇವತ್ತೇ ಡಾಕ್ಟರುಗಳಿಗೆ ಹೋಗ್ಬೇಕು" ಅಂದ್ರು. ಯಾರೂ ಮಾತಾಡ್ಲಿಲ್ಲ. ನಾನೂ ಸುಮ್ನಿದ್ದೆ, ಯಾಕಂದ್ರೆ ಅಷ್ಟು ಹೊತ್ತಿಗೆ ನನ್ನ ತಲೇಲೂ ಸ್ಯಾಂಪಲ್ ಅದಲುಬದಲಾಗಿದೆ ಅನ್ನೋದೇ ಕೂತಿತ್ತು, ಸ್ಯಾಂಪಲ್ ಪರೀಕ್ಷೆ ಮಾಡೋ ವೆಟ್ ಲ್ಯಾಬ್‌ಗೆ ಚೆಕ್ ಮಾಡಿ ಅಂತ ಟಿಕೆಟ್ ಕೂಡ ಹಾಕಿದ್ದೆ.

ನಮ್ಮ ಕೆಲಸ ಇಷ್ಟೇ. ಎಚ್‌ಐವಿಗೆ ಲ್ಯಾಮಿವುಡಿನ್ ಕೊಟ್ಟಾಗ ರೆಸಿಸ್ಟೆನ್ಸ್ (ವೈರಸ್ ಔಷಧಕ್ಕೆ ಬಗ್ಗದಿರೋದು) ಯಾವಾಗ, ಯಾವ ದಾರೀಲಿ ಬರುತ್ತೆ ಅಂತ ಸಿಮ್ಯುಲೇಟ್ ಮಾಡೋದು. ಡೇಟಾ ಹಳೇ ಸ್ಯಾಂಪಲ್‌ಗಳದ್ದು, ಒಂದೇ ಔಷಧ ಕೊಡ್ತಿದ್ದ ಕಾಲದ್ದು, ಈಗ ಡೀಪ್ ಸೀಕ್ವೆನ್ಸಿಂಗ್ ಮಾಡಿಸಿದ್ದು. ಲ್ಯಾಮಿವುಡಿನ್ ವಿಷಯದಲ್ಲಿ ಎಲ್ಲರಿಗೂ ಗೊತ್ತಿರೋ ವಿಲನ್ ಎಂ184ವಿ. ವೈರಸ್ ತನ್ನ ಆರ್‌ಎನ್‌ಎನ ಡಿಎನ್‌ಎಗೆ ನಕಲು ಮಾಡೋ ಎಂಜೈಮ್, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್‌ನ 184ನೇ ಜಾಗದಲ್ಲಿ ಮೆಥಿಯೊನಿನ್ ಅನ್ನೋ ಅಮೈನೊ ಆಸಿಡ್ ಹೋಗಿ ವ್ಯಾಲಿನ್ ಬಂದ್ರೆ ಸಾಕು, ಔಷಧದ ಹಿಡಿತ ಬಹುಪಾಲು ಹೋಯ್ತು. ಐಸೊಲ್ಯೂಸಿನ್ ಬಂದ್ರೂ (ಅದೇ ಎಂ184ಐ) ಅಷ್ಟೇ, ಆದ್ರೆ ಐ ಇರೋ ವೈರಸ್ ವಿ ಇರೋದಕ್ಕಿಂತ ಸ್ವಲ್ಪ ಸೋಂಬೇರಿ, ಅಷ್ಟು ಚೆನ್ನಾಗಿ ಬೆಳೆಯಲ್ಲ. ಹಾಗಾಗಿ ಮಾಡೆಲ್ ಪ್ರಕಾರ ವಿ ಮೊದಲು ಬರ್ಬೇಕು, ವಿನೇ ಉಳೀಬೇಕು, ಐಗೆ ಜಾಗನೇ ಇಲ್ಲ. ಈ ವಾದ ಕೇಳೋಕೆ ಎಷ್ಟು ಸರಿ ಅನ್ಸುತ್ತೆ ಅಂದ್ರೆ ನಮ್ಮಲ್ಲಿ ಯಾರೂ ಅದನ್ನ ಎರಡನೇ ಸಲ ನೋಡೇ ಇರ್ಲಿಲ್ಲ.

ಕಾಲ್‌ನಲ್ಲಿ ಆ ಮೌನ ಮುರಿದಿದ್ದು ವೆಟ್ ಲ್ಯಾಬ್ ಮೇಡಂ. "ಟಿಕೆಟ್ ನೋಡಿದೆ, ಸ್ಯಾಂಪಲ್ ಬದಲಾಗಿಲ್ಲ, ಮತ್ತೆ ಎಕ್ಸ್‌ಟ್ರ್ಯಾಕ್ಟ್ ಮಾಡಿದ್ರೂ ಅದೇ ಬಂತು. ನೀವು ಕೋಡಾನ್ ನೋಡಿದ್ರಾ?" ಅಂತ ಕೇಳಿದ್ರು. ನೋಡಿರ್ಲಿಲ್ಲ. ಕೋಡಾನ್ ಅಂದ್ರೆ ಒಂದು ಅಮೈನೊ ಆಸಿಡ್‌ನ ಸೂಚಿಸೋ ಮೂರು ಜೀನ್ ಅಕ್ಷರ, ಅದನ್ನ ನೋಡೋಕೆ ಆಗ್ತಾನೂ ಇರ್ಲಿಲ್ಲ, ಯಾಕಂದ್ರೆ ನಮ್ಮ ಪೈಪ್‌ಲೈನ್ ರೀಡ್‌ಗಳನ್ನ (ಸೀಕ್ವೆನ್ಸಿಂಗ್‌ನಲ್ಲಿ ಓದಿದ ತುಣುಕುಗಳನ್ನ) ಅಮೈನೊ ಆಸಿಡ್‌ಗೆ ಟ್ರಾನ್ಸ್‌ಲೇಟ್ ಮಾಡಿದ ಮೇಲೆ ಆ ಅಕ್ಷರಗಳಿರೋ ನ್ಯೂಕ್ಲಿಯೊಟೈಡ್ ಕಾಲಮ್‌ನ ಬಿಸಾಕ್ತಿತ್ತು, ಸ್ಟೋರೇಜ್ ಉಳಿಸೋಕೆ ಅಂತ ಹಿಂದೆ ಯಾರೋ ತಗೊಂಡಿದ್ದ ತೀರ್ಮಾನ, ಆ ಮನುಷ್ಯ ಈಗ ಟೀಮ್‌ನಲ್ಲೇ ಇಲ್ಲ. ಕಚ್ಚಾ ಫೈಲ್‌ಗಳು ಆರ್ಕೈವ್‌ನಲ್ಲಿದ್ವು. "ಡೆಕ್ ನಾಳೆ ಹೋಗ್ಲಿ ಸರ್, ಈ ರೋಗಿಗಳನ್ನ ತೆಗೆಯೋದು ಬೇಡ, ಇವತ್ತು ರಾತ್ರಿ ಕೋಡಾನ್ ತೆಗೆದು ನೋಡ್ತೀನಿ" ಅಂತ ಆಗ ಹೇಳಿದೆ. ಲೀಡ್ ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ. ಡೆಡ್‌ಲೈನ್ ದಾಟಿಸೋದು ಅಂದ್ರೆ ಅವರು ಮೇಲೆ ಹೋಗಿ ಉತ್ತರ ಕೊಡ್ಬೇಕು, ಅದು ನನಗೂ ಗೊತ್ತು. ಕೊನೆಗೆ ಒಪ್ಪಿದ್ರು, ಖುಷಿಯಿಂದ ಅಲ್ಲ.

ಕ್ಲಸ್ಟರ್ ಕ್ಯೂ ಬಗ್ಗೆ ಏನೂ ಹೇಳಲ್ಲ, ಬೇಕಾದಾಗ ಅದು ಖಾಲಿ ಇರೋದೇ ಇಲ್ಲ. ಜಾಬ್ ಮುಗಿದು ಫೈಲ್ ಓಪನ್ ಮಾಡಿದಾಗ ಐಸೊಲ್ಯೂಸಿನ್ ಇರೋ ರೀಡ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಒಂದೇ ಕೋಡಾನ್, ಎಟಿಎ. ಮೆಥಿಯೊನಿನ್‌ಗೆ ಇರೋದು ಎಟಿಜಿ ಒಂದೇ. ಮೂರನೇ ಅಕ್ಷರ ಜಿ ಇದ್ದದ್ದು ಎ, ಸಿ, ಟಿ ಏನಾದ್ರೂ ಐಸೊಲ್ಯೂಸಿನ್ನೇ ಆಗುತ್ತೆ, ಮೂರು ದಾರಿ. ವ್ಯಾಲಿನ್ ಆಗೋಕೆ ಒಂದು ಹೆಜ್ಜೇಲಿ ಒಂದೇ ದಾರಿ, ಮೊದಲನೇ ಎ ಹೋಗಿ ಜಿ ಆಗ್ಬೇಕು. ಅಷ್ಟೇ ಅಲ್ಲ, ಎಚ್‌ಐವಿ ಮಾಡೋ ತಪ್ಪುಗಳಲ್ಲಿ ಜಿ ಇಂದ ಎಗೆ ಹೋಗೋದೇ ಅತಿ ಹೆಚ್ಚು. ಮತ್ತೆ ಆ ಜಿ ಪಕ್ಕದಲ್ಲೇ ಮುಂದಿನ ಕೋಡಾನ್‌ನ ಜಿ ಕೂತಿದೆ, ವೈರಸ್‌ನ ಜೀನ್ ಕೆಡಿಸೋಕೆ ಮನುಷ್ಯನ ಜೀವಕೋಶದಲ್ಲಿರೋ ಎಪೊಬೆಕ್3ಜಿ ಎಂಜೈಮ್‌ಗೆ ಇಷ್ಟವಾದ ಜಾಗ ಅದು, ಎರಡು ಜಿ ಒಟ್ಟಿಗಿದ್ರೆ ಮೊದಲನೇದು ಎ ಆಗೋದು ಅದರ ಗುರುತು. ಅಂದ್ರೆ ಐಗೆ ಹೋಗೋ ಬಾಗಿಲು ದೊಡ್ಡದು, ವಿಗೆ ಹೋಗೋದು ಕಿಟಕಿ. ವೈರಸ್ ಮೊದಲು ಬಾಗಿಲಲ್ಲಿ ನುಗ್ಗುತ್ತೆ, ಆಮೇಲೆ ಕಿಟಕೀಲಿ ಬಂದ ಗಟ್ಟಿಗ ಅದನ್ನ ಆಚೆ ಹಾಕ್ತಾನೆ. ಚುಕ್ಕೆಗಳು ಎದ್ದು ಇಳಿದಿದ್ದು ಇದೇ ಕಥೆ. ಹೊಸ ಆವಿಷ್ಕಾರ ಏನಲ್ಲ, ಮೊದಲು ಐ ಆಮೇಲೆ ವಿ ಅನ್ನೋದು 90ರ ದಶಕದಿಂದಲೇ ಪೇಪರ್‌ಗಳಲ್ಲಿ ಇದೆ.

ಎಪೊಬೆಕ್ ಅಂದ ತಕ್ಷಣ ಇನ್ನೊಂದು ಚೆಕ್ ಮಾಡ್ಲೇಬೇಕಿತ್ತು. ಅದು ಅತಿಯಾಗಿ ಕೆಲಸ ಮಾಡಿದ ಜೀನೋಮ್‌ಗಳಲ್ಲಿ ಟಿಜಿಜಿ ಹೋಗಿ ಟಿಎಜಿ ಆಗಿ ಮಧ್ಯದಲ್ಲೇ ಸ್ಟಾಪ್ ಕೋಡಾನ್ ಬಂದಿರುತ್ತೆ, ಆ ವೈರಸ್ ಸತ್ತ ಹಾಗೆ, ಅದನ್ನ ರೆಸಿಸ್ಟೆನ್ಸ್ ಲೆಕ್ಕಕ್ಕೆ ತಗೋಬಾರ್ದು. ನಮ್ಮ ಎಟಿಎ ರೀಡ್‌ಗಳಲ್ಲಿ ಅಂಥವು ತೀರಾ ಕಮ್ಮಿ. ಸ್ಯಾಂಪಲ್ ಪ್ಲಾಸ್ಮಾದ ಆರ್‌ಎನ್‌ಎ ಆಗಿದ್ದೂ ಒಳ್ಳೇದಾಯ್ತು, ಜೀವಕೋಶದೊಳಗಿನ ಡಿಎನ್‌ಎ ಆಗಿದ್ರೆ ಈ ಹೆಣಗಳೇ ಜಾಸ್ತಿ ಸಿಕ್ಕಿ ದಾರಿ ತಪ್ತಿದ್ವಿ.

ಮಾಡೆಲ್ ಯಾಕೆ ಇದನ್ನ ತೋರಿಸ್ಲಿಲ್ಲ? ಅದರಲ್ಲಿ ಕೋಡಾನೇ ಇರ್ಲಿಲ್ಲ. ಎಂ, ಐ, ವಿ ಅಂತ ಮೂರು ಸ್ಥಿತಿ, ಒಂದರಿಂದ ಒಂದಕ್ಕೆ ಹಾರೋಕೆ ಎಲ್ಲಕ್ಕೂ ಒಂದೇ ಮ್ಯುಟೇಶನ್ ರೇಟ್. ರೈಟ್-ಫಿಶರ್ ಲೂಪ್, ಪ್ರತಿ ತಲೆಮಾರಿಗೆ ಮ್ಯುಟೇಶನ್, ಸೆಲೆಕ್ಷನ್, ಸ್ಯಾಂಪ್ಲಿಂಗ್, ಎಲ್ಲಾ ಸರಿಯಾಗಿ ಬರೆದಿದ್ರು, ಟೆಸ್ಟ್‌ಗಳೆಲ್ಲಾ ಪಾಸ್. ಔಷಧ ಶುರುವಾಗೋ ಮುಂಚೆ ಮ್ಯುಟೆಂಟ್ ಎಷ್ಟಿರುತ್ತೆ ಅನ್ನೋದು ಸರಿಸುಮಾರು ಮ್ಯುಟೇಶನ್ ರೇಟನ್ನ ಫಿಟ್‌ನೆಸ್ (ಬೆಳೆಯೋ ಶಕ್ತಿ) ನಷ್ಟದಿಂದ ಭಾಗಿಸಿದಷ್ಟು. ರೇಟ್ ಎರಡಕ್ಕೂ ಒಂದೇ ಇಟ್ರೆ ನಷ್ಟ ಕಮ್ಮಿ ಇರೋ ವಿನೇ ಯಾವಾಗ್ಲೂ ಮುಂದೆ, ರ್ಯಾಂಡಮ್ ಸೀಡ್ ಎಷ್ಟು ಸಲ ಬದಲಾಯಿಸಿದ್ರೂ ಐ ಗುಡ್ಡ ಬರೋದೇ ಇಲ್ಲ. ಆ ರೋಗಿಗಳನ್ನ ತೆಗೆದು ಫಿಟ್ ಮಾಡಿದ್ರೆ ಗೆರೆ ಇನ್ನೂ ಅಂದವಾಗಿ ಕೂರ್ತಿತ್ತು, ಮಾಡೆಲ್‌ಗೆ ಏನು ಗೊತ್ತಿಲ್ವೋ ಅದನ್ನ ತೋರಿಸ್ತಿದ್ದವರನ್ನೇ ನಾವು ಆಚೆ ಕಳಿಸಿದ ಹಾಗೆ ಆಗ್ತಿತ್ತು. ಒಂದು ಚುಕ್ಕೇನ ಔಟ್‌ಲೈಯರ್ ಅನ್ನೋ ಮುಂಚೆ, ಈ ಚುಕ್ಕೆ ನಿಜ ಆಗಿದ್ರೆ ಇದನ್ನ ಹುಟ್ಟಿಸೋ ಶಕ್ತಿ ನನ್ನ ಕೋಡ್‌ಗೆ ಇದ್ಯಾ ಅಂತ ಕೇಳ್ಬೇಕು. ನಮ್ಮ ಕೋಡ್‌ಗೆ ಇರ್ಲಿಲ್ಲ.

ಇದರಲ್ಲಿ ನನಗೆ ಇಷ್ಟು ಹಠ ಯಾಕೆ ಅಂದ್ರೆ, ಈ ಕ್ಷೇತ್ರ ಒಂದು ಸಲ ದೊಡ್ಡದಾಗಿ ಎಡವಿದೆ. ಫ್ಲೂಗೆ ಕೊಡೋ ಒಸೆಲ್ಟಮಿವಿರ್‌ಗೆ ಬಗ್ಗದ ಎಚ್275ವೈ ಮ್ಯುಟೆಂಟ್ ಲ್ಯಾಬ್‌ನಲ್ಲಿ ದುರ್ಬಲ ಅಂತ ಕಂಡಿತ್ತು, ಹಾಗಾಗಿ ಹರಡಲ್ಲ ಅಂತ ತುಂಬಾ ಜನ ನಂಬಿದ್ರು. 2008ರ ಜನವರಿಯಲ್ಲಿ ನಾರ್ವೆಯಿಂದ ಸುದ್ದಿ ಬಂತು, ಆ ಔಷಧ ಹೆಚ್ಚು ಬಳಸದೇ ಇರೋ ದೇಶ ಅದು, ಅಲ್ಲೇ ಸೀಸನಲ್ ಎಚ್1ಎನ್1ನಲ್ಲಿ ಈ ಮ್ಯುಟೆಂಟ್ ಹೇರಳ. ಔಷಧ ಅತಿ ಹೆಚ್ಚು ಬಳಸ್ತಿದ್ದ ಜಪಾನ್‌ನಲ್ಲಿ ಆ ಸೀಸನ್ ಕಮ್ಮಿ. ಮುಂದಿನ ಸೀಸನ್ ಹೊತ್ತಿಗೆ ಪ್ರಪಂಚದ ತುಂಬಾ ಅದೇ. ವೈರಸ್‌ನಲ್ಲಿ ಬೇರೆ ಕೆಲವು ಮ್ಯುಟೇಶನ್‌ಗಳು ಮೊದಲೇ ಬಂದು ಆ ದುರ್ಬಲತೇನ ಸರಿದೂಗಿಸಿದ್ವು ಅಂತ 2010ರಲ್ಲಿ ತೋರಿಸಿದ್ರು. ಒಂದು ಹಿನ್ನೆಲೇಲಿ ಅಳೆದ ಫಿಟ್‌ನೆಸ್ ನಂಬರನ್ನ ಎಲ್ಲಾ ಹಿನ್ನೆಲೆಗೂ ಹಚ್ಚಿದ್ರೆ ಇದೇ ಆಗೋದು, ನಮ್ಮ ಕಾನ್ಫಿಗ್ ಫೈಲ್‌ನಲ್ಲೂ ಅಂಥ ನಂಬರ್‌ಗಳು ಬೇಕಾದಷ್ಟಿವೆ.

ಮರುದಿನ ಡೆಕ್ ತಡವಾಗಿ ಹೋಯ್ತು, ಐ ಗುಡ್ಡ ಇರೋ ಪ್ಲಾಟ್ ಸಮೇತ. ಡಾಕ್ಟರೊಬ್ಬರು ನೋಡಿದ ತಕ್ಷಣ "ಹೌದು, ಮೊದಲು ಐ, ಆಮೇಲೆ ವಿ, ಇದು ಹೀಗೇ ಅಲ್ವಾ" ಅಂದ್ರು. ಅವರನ್ನ ಮೊದಲೇ ಒಂದು ಮಾತು ಕೇಳಿದ್ರೆ ಟಿಕೆಟೂ ಬೇಡ, ರಾತ್ರಿ ಜಾಬೂ ಬೇಡ. ಆದ್ರೆ ನಮ್ಮಲ್ಲಿ ಮಾಡೆಲಿಂಗ್ ಟೀಮ್ ಡಾಕ್ಟರುಗಳನ್ನ ನೋಡೋದು ಡೆಕ್ ದಿನ ಮಾತ್ರ, ಈ ವ್ಯವಸ್ಥೆ ಬದಲಾಗ್ಬೇಕು ಅಂತ ಹೇಳ್ತಾನೇ ಇದ್ದೀನಿ, ಕ್ಯಾಲೆಂಡರ್‌ನಲ್ಲಿ ಜಾಗ ಇಲ್ಲ ಅನ್ನೋದೇ ಉತ್ತರ.

ಈಗ ಸಿಮ್ಯುಲೇಶನ್ ಕೋಡಾನ್ ಮಟ್ಟದಲ್ಲಿ ಓಡುತ್ತೆ, ಹನ್ನೆರಡು ಥರದ ಅಕ್ಷರ ಬದಲಾವಣೆಗೂ ಬೇರೆಬೇರೆ ರೇಟ್, ಪೈಪ್‌ಲೈನ್ ನ್ಯೂಕ್ಲಿಯೊಟೈಡ್ ಕಾಲಮ್‌ನ ಇಟ್ಕೊಳ್ಳುತ್ತೆ. ರನ್ ಟೈಮ್ ಜಾಸ್ತಿ ಆಗಿದೆ ಅಂತ ದೂರು ಬಂದಿದೆ. ಇನ್ನೂ ಬಗೆಹರೀದೇ ಇರೋದು ಪಾಪ್ಯುಲೇಶನ್ ಸೈಜ್. ರೋಗಿಯ ಮೈಯಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ವೈರಸ್ ಹುಟ್ಟುತ್ವೆ ಅಂತ 1996ರಲ್ಲಿ ಪೆರೆಲ್ಸನ್, ಹೋ ಮತ್ತವರ ಜೊತೆಯವರು ಹಾಕಿದ ಲೆಕ್ಕ ಇದೆ, ಆದ್ರೆ ಜೆನೆಟಿಕ್ ಡೇಟಾದಿಂದ ಅಳೆದ್ರೆ ಎಫೆಕ್ಟಿವ್ ಸೈಜ್ (ಮುಂದಿನ ತಲೆಮಾರಿಗೆ ನಿಜಕ್ಕೂ ಪಾಲು ಕೊಡೋ ವೈರಸ್‌ಗಳ ಲೆಕ್ಕ) ಅದಕ್ಕಿಂತ ಎಷ್ಟೋ ಪಟ್ಟು ಚಿಕ್ಕದು ಬರುತ್ತೆ. ಯಾವುದನ್ನ ಲೂಪ್‌ಗೆ ಹಾಕ್ತೀವಿ ಅನ್ನೋದರ ಮೇಲೆ ಐ ಗುಡ್ಡ ಎಲ್ಲಾ ರೋಗಿಗಳಲ್ಲೂ ಬರುತ್ತೋ ಕೆಲವರಲ್ಲಿ ಮಾತ್ರ ಬರುತ್ತೋ ತೀರ್ಮಾನ ಆಗುತ್ತೆ. ಲೀಡ್‌ಗೆ ಸ್ಲೈಡ್‌ನಲ್ಲಿ "ರೆಸಿಸ್ಟೆನ್ಸ್ ಬರೋಕೆ ಎಷ್ಟು ವಾರ" ಅನ್ನೋದಕ್ಕೆ ಒಂದೇ ನಂಬರ್ ಬೇಕು. ನಾನು ರೇಂಜ್ ಕೊಡ್ತೀನಿ, ಅವರು ಮಧ್ಯದ್ದನ್ನ ಎತ್ಕೊಂಡು ದಪ್ಪ ಅಕ್ಷರದಲ್ಲಿ ಹಾಕ್ತಾರೆ. ಮುಂದಿನ ರಿವ್ಯೂನಲ್ಲಿ ಈ ಜಗಳ ಇದೆ, ರೋಗಿವಾರು ಪ್ಲಾಟ್‌ಗಳನ್ನ ಈಗ್ಲೇ ರೆಡಿ ಮಾಡಿಟ್ಟಿದ್ದೀನಿ.